ನೀರಿನ ಟ್ಯಾಂಕಿನಿಂದ ಮೇಲಕ್ಕೆ

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಇರುವವರು ಸಿಟಿ ಬಸ್ಸಿನ ಕಂಡಕ್ಟರು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಕಂಡಕ್ಟರಣ್ಣ ಎಂದೇ ಕರೆಯುತ್ತಾರೆ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆ ತೀರಿಕೊಂಡು ಸ್ವಲ್ಪ ದಿನಕ್ಕೆ ಅಣ್ಣ ರಜೆ ಮುಂದುವರಿಸಿ, ಕಾಲಿಗೆ ಬೂಟು ಹಾಕಿಕೊಂಡು, ಊರು ಸುತ್ತಲು ಹೊರಟರು. ತಲೆ ಕೆಟ್ಟಿತೇನೋ ಎಂದು ಕೆಳಮನೆಯವರು ಆಡಿಕೊಂಡರು. ಕೆಟ್ಟಿರಲಿಲ್ಲ. ಅವರು ಒಂದು ಬಾಗಿಲು ಹುಡುಕುತ್ತಿದ್ದರು.

ಈ ಊರನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಗಡಿಯಾರದ ಗೋಪುರ, ಗುಮ್ಮಟದ ಕಟ್ಟಡ, ಮ್ಯೂಸಿಯಂ, ದೋಣಿ ಬಿಡುವ ಕೆರೆ, ಎಲ್ಲವೂ ಅಣ್ಣನ ಬಸ್ಸಿನ ದಾರಿಯಲ್ಲೇ ಸಿಗುತ್ತವೆ. ಗೋಪುರಕ್ಕೆ ಇಲ್ಲಿ ಇಳೀರಿ, ಮ್ಯೂಸಿಯಂಗೆ ಮುಂದಿನದು, ಕೆರೆಗೆ ಇನ್ನೂ ಕೂತಿರಿ ಎಂದು ಹೇಳಿ ಹೇಳಿ ಅವರ ಗಂಟಲೇ ಒರಟಾಗಿದೆ. ಆದರೆ ಅವುಗಳಲ್ಲಿ ಒಂದರ ಮೆಟ್ಟಿಲನ್ನೂ ಅವರು ಹತ್ತಿದವರಲ್ಲ. ಕಂಡಕ್ಟರ್ ನಡುದಾರಿಯಲ್ಲಿ ಇಳಿಯುವಂತಿಲ್ಲ. ಮೊದಲ ನಿಲ್ದಾಣ, ಕೊನೆಯ ನಿಲ್ದಾಣ, ಈ ಎರಡು ಕಡೆ ಮಾತ್ರ ಅವರ ಕಾಲು ನೆಲ ಮುಟ್ಟುತ್ತಿತ್ತು. ನಡುವಿನ ಊರೆಲ್ಲ ಅವರಿಗೆ ಕಿಟಕಿಯಾಚೆ ಹಿಂದಕ್ಕೆ ಓಡುವ ಊರು. ಪ್ರತಿ ಸ್ಟಾಪಿನ ಹೆಸರೂ ನಾಲಿಗೆಯ ಮೇಲೆ, ಒಂದರ ಮಣ್ಣೂ ಪಾದಕ್ಕೆ ಗೊತ್ತಿಲ್ಲ.

ಅತ್ತಿಗೆ ಮನೆಗೆಲಸಕ್ಕೆ ಹೋಗುತ್ತಿದ್ದದ್ದು ಅದೇ ಬಸ್ಸಿನಲ್ಲಿ. ದಿನಾ ಬೆಳಿಗ್ಗೆ ಗಂಡನ ಬಸ್ಸೇರಿ ನೀರಿನ ಟ್ಯಾಂಕ್ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಆದರೆ ಬಸ್ಸಿನೊಳಗೆ ಅವರಿಬ್ಬರು ಗಂಡಹೆಂಡತಿಯಲ್ಲ. ಅಣ್ಣ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇನ್ಯಾರೋ ಕಂಡಕ್ಟರ್ ನೆಂಟರಿಷ್ಟರನ್ನು ಟಿಕೆಟ್ಟಿಲ್ಲದೆ ಕೂರಿಸಿಕೊಂಡು ಕೆಲಸ ಕಳೆದುಕೊಂಡನಂತೆ. ಅಂದಿನಿಂದ ಅಣ್ಣ ಡ್ಯೂಟಿಯಲ್ಲಿ ಸಂಬಂಧ ಅನ್ನೋದು ಇಲ್ಲ ಎಂದು ಒಂದು ಕಟ್ಟುಪಾಡು ಹಾಕಿಕೊಂಡಿದ್ದರು. ಹೆಂಡತಿಗೂ ಟಿಕೆಟ್ಟು ಕೊಟ್ಟೇ ಕೂರಿಸುತ್ತಿದ್ದರು. ನಗುವಿಲ್ಲ, ಮಾತಿಲ್ಲ. ಒಬ್ಬ ಹಳೇ ಪ್ರಯಾಣಿಕ ಒಮ್ಮೆ ಅವರ ಕಿವಿಯಲ್ಲಿ, ಆ ಮೂರನೇ ಸೀಟಿನ ಹೆಂಗಸು ದಿನಾ ನಿಮ್ಮನ್ನೇ ನೋಡ್ತಾಳೆ, ಸ್ವಲ್ಪ ಜೋಪಾನ ಅಂದಿದ್ದನಂತೆ. ಇದನ್ನು ಅಣ್ಣ ನನಗೆ ಹೇಳಿದ್ದು ಅತ್ತಿಗೆ ಹೋದ ಮೇಲೆ. ಹೇಳುವಾಗ ನಗಲಿಲ್ಲ. ನಾನೂ ನಗಲಿಲ್ಲ.

ಮನೆಯಲ್ಲೂ ಅತ್ತಿಗೆ ಮಾತಿನವರಲ್ಲ. ನಾಲ್ಕು ಮಾತು ಕೇಳಿದರೆ ಒಂದು ಹೂಂ. ನನ್ನ ಜೊತೆ ಮಹಡಿಯ ಮೇಲೆ ಬಟ್ಟೆ ಹರವುವಾಗಲೂ ಕ್ಲಿಪ್ಪು ಕೊಡಿ, ಗಾಳಿ ಜೋರಿದೆ, ಅಷ್ಟೇ. ಅಂಥವರು ಆಸ್ಪತ್ರೆಯಲ್ಲಿ ಜ್ವರ ತಲೆಗೇರಿ ಮಲಗಿದ್ದಾಗ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು. ಅಜ್ಜಿಗೆ ಹೇಳಿ. ಹಾಸಿಗೆಯ ಪಕ್ಕ ಕೂತಿದ್ದ ಮಗಳು, ಆಯ್ತಮ್ಮ ಹೇಳ್ತೀನಿ ಎಂದು ಕೈ ಹಿಡಿದು ಮಾತು ಕೊಟ್ಟಳು. ಯಾವ ಅಜ್ಜಿ ಎಂದು ಕೇಳುವಷ್ಟರಲ್ಲಿ ಅತ್ತಿಗೆಗೆ ಪ್ರಜ್ಞೆ ಇರಲಿಲ್ಲ. ಮರುದಿನ ಉಸಿರೂ ಇರಲಿಲ್ಲ. ವಾರ್ಡಿನಿಂದ ವಾರ್ಡಿಗೆ ಸಾಗಿಸುವ ಗಡಿಬಿಡಿಯಲ್ಲಿ ಅವರ ಫೋನೂ ಎಲ್ಲೋ ಹೋಯಿತು.

ಎಲ್ಲ ಮುಗಿದು ಬಂದವರೆಲ್ಲ ಚದುರಿದ ದಿನ ನಾನು ಚಹಾ ತೆಗೆದುಕೊಂಡು ಹೋಗಿದ್ದೆ. ಮಗಳಿಗೆ ಮದುವೆಯಾಗಿ ಊರಿನ ಆ ತುದಿಯಲ್ಲಿ ಮನೆ, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ನಿಂತಿದ್ದಳು. ಅಪ್ಪನನ್ನು ಕೇಳಿದಳು, ಅಮ್ಮ ಕೆಲಸಕ್ಕಿದ್ದ ಮನೆ ಎಲ್ಲಿ, ಹೋಗಿ ಹೇಳಬೇಕು. ಅಣ್ಣ ನೀರಿನ ಟ್ಯಾಂಕ್ ಹತ್ತಿರ ಎಂದರು. ಹತ್ತಿರ ಅಂದರೆ ಎಲ್ಲಿ, ಯಾವ ಬೀದಿ ಎಂದಳು. ಅವರು ಸ್ಟಾಪಿನ ಹೆಸರನ್ನೇ ಮತ್ತೊಮ್ಮೆ ಹೇಳಿದರು.

"ನಾನು ಮನೆಯಲ್ಲಿದ್ದಾಗ ಚಿಕ್ಕ ಮಕ್ಕಳ ಮನೆ ಅಂತಿದ್ದಳು. ಈ ಅಜ್ಜಿ ಯಾರೋ ನನಗೂ ಗೊತ್ತಿಲ್ಲ. ನಾನು ದೂರ ಇದ್ದೆ, ನೀವು ದಿನಾ ಕರೆದುಕೊಂಡು ಹೋಗ್ತಿದ್ರಲ್ಲಪ್ಪ. ಊರಿಗೆಲ್ಲ ಎಲ್ಲಿ ಇಳೀಬೇಕು ಅಂತ ಹೇಳೋರು ನೀವು. ಅಮ್ಮ ಇಳಿದು ಎಲ್ಲಿಗೆ ಹೋಗ್ತಾಳೆ ಅಂತ ಒಂದು ದಿನ ಕೇಳಲಿಲ್ವಾ?"

ಅಣ್ಣ ಚಹಾದ ಲೋಟವನ್ನು ನೋಡುತ್ತ ನಿಂತಿದ್ದರು. ಮಗಳು, ನಾನು ಮಾತು ಕೊಟ್ಟಿದ್ದೀನಿ, ಅಲ್ಲಿ ಯಾರೋ ವಯಸ್ಸಾದೋರು ಬಾಗಿಲು ನೋಡ್ತಾ ಕೂತಿರ್ತಾರೆ, ಆ ಮನೆ ಹುಡುಕಿ ಆಮೇಲೆ ನನಗೆ ಫೋನ್ ಮಾಡಿ ಎಂದು ಇಳಿದು ಹೋದಳು. ಜಗಳವಾಡಲಿಲ್ಲ, ಅಳಲೂ ಇಲ್ಲ. ಆ ಮನೆಯಲ್ಲಿ ಅಳು ಯಾರಿಗೂ ಬಂದಿರಲಿಲ್ಲ. ಅಣ್ಣನಂತೂ ಕಲ್ಲುಕಂಬದ ಹಾಗೆ ಇದ್ದರು. ಹಸಿವು ಗೊತ್ತಾಗಲ್ಲ ತಂಗಿ, ಮೊನ್ನೆ ಬಾಗಿಲಿಗೆ ಬೆರಳು ಸಿಕ್ಕಿದ್ದೂ ಉಗುರು ಕಪ್ಪಾದ ಮೇಲೇ ಗೊತ್ತಾಗಿದ್ದು ಎಂದು ನನಗೆ ಬೆರಳು ತೋರಿಸಿದರು. ಇನ್ನೊಬ್ಬರ ಬೆರಳು ತೋರಿಸಿದ ಹಾಗೆ ತೋರಿಸಿದರು.

ಮರುದಿನದಿಂದ ಅವರ ಹುಡುಕಾಟ ಶುರುವಾಯಿತು. ಸಂಜೆ ಬಂದು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುವಾಗ ಅಂದಂದಿನದನ್ನು ನನಗೆ ಹೇಳುತ್ತಿದ್ದರು. ನಾನು ಹೆಚ್ಚು ಕೇಳುತ್ತಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಮಾತ್ರ, ದೇವರೇ, ಆ ಬಾಗಿಲು ಸಿಗಲಿ ಎಂದು ಒಂದು ಮಾತು ಸೇರಿಸಿಕೊಳ್ಳುತ್ತಿದ್ದೆ.

ನೀರಿನ ಟ್ಯಾಂಕಿನ ಹಿಂದೆ ಅಷ್ಟೊಂದು ಊರಿದೆ ಎಂದು ಅವರಿಗೆ ತಿಳಿದೇ ಇರಲಿಲ್ಲವಂತೆ. ಬಸ್ಸಿನಿಂದ ಕಾಣುವುದು ಟ್ಯಾಂಕಿನ ಕಂಬಗಳು, ಅದರ ಕೆಳಗೊಂದು ಇಸ್ತ್ರಿ ಅಂಗಡಿ, ಅಷ್ಟೇ. ಇಳಿದು ನೋಡಿದರೆ ಕಂಬಗಳ ನಡುವಿನಿಂದ ಒಂದು ಓಣಿ ಒಳಗೆ ಹೋಗುತ್ತದೆ. ಅಲ್ಲಿ ರಟ್ಟಿನ ಪೆಟ್ಟಿಗೆ ಮಾಡುವವರು, ಹಾಸಿಗೆ ತುಂಬುವವರು, ಕನ್ನಡಿ ಕತ್ತರಿಸುವವರು. ಕನ್ನಡಿಗಳನ್ನು ಗೋಡೆಗೆ ಒರಗಿಸಿ ಇಟ್ಟಿರುವುದರಿಂದ ಓಣಿಯಲ್ಲಿ ನಡೆಯುವವರ ಕಾಲುಗಳೆಲ್ಲ ಎರಡೆರಡಾಗಿ ಕಾಣುತ್ತವಂತೆ. ಮುಂದೆ ಓಣಿ ಕವಲೊಡೆಯುತ್ತದೆ. ಒಂದು ಕವಲು ಗುಡ್ಡ ಹತ್ತುತ್ತದೆ, ಇನ್ನೊಂದು ಗೋಡೌನುಗಳ ಕಡೆ. ಗೋಪುರ ನೋಡಲು ಬಂದವರು ಯಾರೂ ಇಲ್ಲಿಗೆ ಕಾಲಿಡುವುದಿಲ್ಲ. ಅಲ್ಲಿಯವರೂ ಗೋಪುರ ನೋಡಿದವರಲ್ಲ.

ಅಣ್ಣನ ಹತ್ತಿರ ಇದ್ದದ್ದು ಅತ್ತಿಗೆಯ ಒಂದೇ ಫೋಟೋ, ಅದೂ ಯಾವ ಕಾಲದ್ದೋ. ಹೊಸ ಫೋಟೋ ಬೇಕಿದ್ದರೆ ಮಗಳನ್ನು ಕೇಳಬೇಕು. ಮನೆ ಸಿಗದೆ ಮಗಳಿಗೆ ಫೋನ್ ಮಾಡುವ ಮುಖ ಅವರಿಗಿರಲಿಲ್ಲ. ಆ ಹಳೇ ಫೋಟೋವನ್ನೇ ಬಾಗಿಲು ಬಾಗಿಲಿಗೆ ತೋರಿಸಿದರು. ಯಾರಿಗೂ ಗುರುತು ಹತ್ತಲಿಲ್ಲ. ಇಸ್ತ್ರಿಯವನು ಮಾತ್ರ ಅಣ್ಣನ ಗುರುತು ಹಿಡಿದ. ಏನ್ ಸಾರ್, ಇಲ್ಲಿ ಇಳಿದುಬಿಟ್ರಿ, ಬಸ್ಸು ಕೆಟ್ಟು ನಿಂತಿತಾ ಎಂದು ಕೇಳಿದನಂತೆ. ಅಣ್ಣ ಫೋಟೋ ತೋರಿಸಿ, ಈ ಹೆಂಗಸು ಈಗ ವಯಸ್ಸಾದವಳು, ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು, ಮಾತು ತೀರಾ ಕಡಿಮೆ ಎಂದು ವಿವರಿಸಿದರು. ಇಸ್ತ್ರಿಯವನು ತಲೆಯಾಡಿಸಿದ.

"ಈ ಓಣಿಯಲ್ಲಿ ಮಾತು ಕಡಿಮೆ ಇರೋ ಹೆಂಗಸಾ? ಹುಡುಕಿ ಸಾರ್, ಹುಡುಕಿ. ಸಿಕ್ಕರೆ ನನಗೂ ಒಂದ್ಸಲ ತೋರಿಸಿ."

ಆ ವಾರವೆಲ್ಲ ಹಾಗೇ ಹೋಯಿತು. ಗೋಡೌನ್ ಕಡೆ ಹೋದರು, ಹಿಂದಿನ ಬೀದಿಗೆ ಹೋದರು, ಚಿಕ್ಕ ಮಕ್ಕಳ ಮನೆ ಎಂದು ಕೇಳಿದರು. ಟ್ಯಾಂಕಿನ ಪಕ್ಕದ ಕಟ್ಟಡದಲ್ಲಿ ಅಂಥದೊಂದು ಸಂಸಾರ ಇದ್ದದ್ದು ನಿಜ, ಬಿಟ್ಟು ಹೋಗಿ ಎಷ್ಟೋ ವರ್ಷವಾಯಿತು ಎಂದರು ಅಲ್ಲಿನ ಕಾವಲಿನವರು. ಹಾಗಾದರೆ ಅಷ್ಟು ವರ್ಷದಿಂದ ತನ್ನ ಹೆಂಡತಿ ಇಲ್ಲಿ ಯಾಕೆ ಇಳಿಯುತ್ತಿದ್ದಳು ಎನ್ನುವುದು ಅಣ್ಣನಿಗೆ ಅರ್ಥವಾಗಲಿಲ್ಲ. ಆ ದಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಒಂದೇ ಬೂಟು ಬಿಚ್ಚಿಕೊಂಡು ಕೂತಿದ್ದರು.

ಮರುದಿನ ಬೆಳಿಗ್ಗೆ ತಮ್ಮ ಬಸ್ಸು ಬರುವ ಹೊತ್ತಿಗೆ ಹೋಗಿ ಇಸ್ತ್ರಿಯವನ ಬೆಂಚಿನ ಮೇಲೆ ಕೂತರು. ಬಸ್ಸು ಬಂತು. ಇವರ ಜಾಗದಲ್ಲಿ ಬೇರೆ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಿದ್ದ. ಇಳಿಯುವವರು ಇಳಿದರು, ಬಸ್ಸು ಹೊರಟಿತು. ಇಸ್ತ್ರಿಯವನು ಬಸ್ಸಿನ ಬಾಗಿಲ ಕಡೆ ಒಮ್ಮೆ ನೋಡಿ, ರೇಡಿಯೋಮ್ಮ ಇವತ್ತೂ ಬರಲಿಲ್ಲ ಎಂದು ತನ್ನಷ್ಟಕ್ಕೆ ಗೊಣಗಿಕೊಂಡ. ಯಾರು ಎಂದರು ಅಣ್ಣ. ನಿಮ್ಮ ಬಸ್ಸಿಗೇ ಬರ್ತಾರಲ್ಲ ಸಾರ್, ಇಳಿದ ಕ್ಷಣದಿಂದ ಶುರು, ಆ ಮೂಲೆ ತಿರುಗೋವರೆಗೂ ನಿಲ್ಲಲ್ಲ, ಅವರು ಬಂದು ಹೋದರೆ ನನಗೆ ಪೇಪರ್ ಓದೋ ಕೆಲಸ ಇಲ್ಲ ಎಂದ. ಅಣ್ಣ ಜೇಬಿನಿಂದ ಮತ್ತೆ ಆ ಫೋಟೋ ತೆಗೆದರು. ಅವನು ಈ ಸಲ ಬೆಳಕಿಗೆ ಹಿಡಿದು ನೋಡಿದ.

"ಅಯ್ಯೋ, ಇವರೇ. ಇದರಲ್ಲಿ ಬಾಯಿ ಮುಚ್ಚಿಕೊಂಡಿದ್ದಾರಲ್ಲ ಸಾರ್, ಗುರುತು ಹೇಗೆ ಸಿಗಬೇಕು? ನಿಮಗೇನಾಗಬೇಕು ಇವರು?"

ಆ ಸ್ಟಾಪಿನಲ್ಲಿ ಆ ಮಾತನ್ನು ಅಣ್ಣ ಹಿಂದೆಂದೂ ಆಡಿರಲಿಲ್ಲ. "ನನ್ನ ಹೆಂಡತಿ" ಎಂದರು. ಆಮೇಲೆ, ಹೋಗಿಬಿಟ್ಟಳು ಎಂದರು. ಇಸ್ತ್ರಿಯವನು ಪೆಟ್ಟಿಗೆ ಎತ್ತಿಟ್ಟು ಕೈ ಒರೆಸಿಕೊಂಡ. ಮನೆ ಯಾವುದು ಅಂತ ನನಗೆ ಗೊತ್ತಿಲ್ಲ ಸಾರ್, ಗುಡ್ಡದ ಕಡೆ ಹೋಗ್ತಿದ್ರು, ಕನ್ನಡಿ ಅಂಗಡಿಯಲ್ಲಿ ಕೇಳಿ, ಅಲ್ಲಿ ಮಾತಾಡದೆ ಮುಂದಕ್ಕೆ ಹೋಗಿರಲ್ಲ ಎಂದ.

ಹಾಗೆ ಅವರು ಹೆಂಡತಿಯ ಮಾತಿನ ಬೆನ್ನು ಹಿಡಿದು ಗುಡ್ಡ ಹತ್ತಿದರು. ಕನ್ನಡಿ ಅಂಗಡಿಯವನನ್ನು ರೇಡಿಯೋಮ್ಮ ದಿನಾ ತಲೆ ಸರಿಮಾಡಿಕೊಂಡು, ಕನ್ನಡಿ ಸೊಟ್ಟಗಿದೆಯೋ ನನ್ನ ಮುಖ ಸೊಟ್ಟಗಿದೆಯೋ ಎಂದು ಕೇಳಿ ಹೋಗುತ್ತಿದ್ದರಂತೆ. ಅವನು ಹಾಸಿಗೆ ಹೊಲಿಯುವವಳ ಕಡೆ ಕೈ ತೋರಿಸಿದ. ಆಕೆ, ಇಲ್ಲೇ ನನ್ನ ಹತ್ತಿಮೂಟೆ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳೋರು, ಈ ಏರು ಹತ್ತಿಸೋನಿಗೆ ಒಳ್ಳೇದಾಗಲ್ಲ ಅಂತ ನಾನು ಬೈದರೆ ನಗೋರು ಎಂದಳು. ಮುಂದೆ ಬೀಗದ ಕೈ ಮಾಡುವ ಮುದುಕ. ಅವನಿಗೆ ಕಿವಿ ಮಂದ. ನನಗೇನೂ ಕೇಳಲ್ಲ ಅಂತ ಗೊತ್ತಿದ್ದೂ ಆಯಮ್ಮ ಎಲ್ಲಾ ಹೇಳಿ ಹೋಗ್ತಿತ್ತಪ್ಪ, ಬಾಯಿದ್ದವರು ಬರದಲ್ಲೂ ಬದುಕ್ತಾರೆ ಎಂದನಂತೆ. ಆಯಮ್ಮ ಈಗ ಇಲ್ಲ ಎಂದು ಅಣ್ಣ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಅವರು ಮತ್ತೆ ಹೇಳಲು ಹೋಗಲಿಲ್ಲ.

ಅಲ್ಲಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲು. ಎರಡೂ ಕಡೆ ಮನೆಗಳ ಹಿಂಬಾಗಿಲು, ತಲೆಯ ಮೇಲೆ ಒದ್ದೆ ಬಟ್ಟೆಯ ಹಗ್ಗಗಳು. ಮೆಟ್ಟಿಲು ಮುಗಿದ ಕಡೆ ಒಂದು ರಸ್ತೆ ಅಡ್ಡ ಬಂತು. ಅಣ್ಣ ತಲೆಯೆತ್ತಿ ನೋಡಿದರೆ ಎದುರಿಗೇ ಹಳೇ ಪೋಸ್ಟಾಫೀಸ್ ಸ್ಟಾಪು. ತಾವು ದಿನಾ ಕೂಗಿ ಹೇಳುವ ಸ್ಟಾಪು, ತಮ್ಮದೇ ಬಸ್ಸು ಗುಡ್ಡ ಬಳಸಿಕೊಂಡು ಬಂದು ನಿಲ್ಲುವ ಜಾಗ. ಟ್ಯಾಂಕಿನ ನಂತರ ಎರಡನೆಯದು. ಕುಳಿತು ಬಂದಿದ್ದರೆ ಆಕಳಿಸಿ ಮುಗಿಸುವಷ್ಟರಲ್ಲಿ ಬರುವ ಜಾಗ. ಅತ್ತಿಗೆ ಹೋಗುತ್ತಿದ್ದ ಕಟ್ಟಡ ಆ ಸ್ಟಾಪಿನ ಎದುರಿನದೇ ಎಂದು ಮೆಟ್ಟಿಲ ಬಳಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ತೋರಿಸಿದಳು.

ಬಾಗಿಲು ತೆರೆದೇ ಇತ್ತು. ಮಗ ಅಚ್ಚುಕೂಟದ ಕೆಲಸಕ್ಕೆ ಹೋದ ಮೇಲೆ ಅಜ್ಜಿ ಒಬ್ಬರೇ. ಕಣ್ಣು ಸರಿಯಾಗಿ ಕಾಣದು, ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಅಷ್ಟೇ ಓಡಾಟ. ವಯಸ್ಸಿನಲ್ಲಿದ್ದಾಗ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರಂತೆ. ಹೆಜ್ಜೆ ಸದ್ದಿಗೆ, ಯಾರದು, ಇವಳದಲ್ಲ ಎಂದರು. ಅಣ್ಣ ಬಾಗಿಲಲ್ಲೇ ನಿಂತು, ನಾನು ಕಂಡಕ್ಟರ್ ಎಂದರು. ನನ್ನ ಹೆಸರೇ ನೆನಪಾಗಲಿಲ್ಲ ತಂಗಿ ಎಂದು ನನ್ನ ಹತ್ತಿರ ಹೇಳಿಕೊಂಡರು.

"ಓ, ನೀವಾ? ಬನ್ನಿ ಕೂತ್ಕೊಳ್ಳಿ. ಅವಳು ನಿಮ್ಮ ಹಾಗೆ ಕೂಗಿ ತೋರಿಸ್ತಾಳೆ ನೋಡಿ, ನಾನು ನಿಮ್ಮದು ದೊಡ್ಡ ದನಿ ಅಂದುಕೊಂಡಿದ್ದೆ. ಇಷ್ಟೇನಾ? ಎಲ್ಲಿ ಅವಳು, ಹುಷಾರಿಲ್ವಾ?"

ಅಣ್ಣ ಕೂರಲಿಲ್ಲ. ಇನ್ನು ಬರಲ್ಲಮ್ಮ ಎಂದರು. ಅಜ್ಜಿಗೆ ಹೇಳಿ ಅಂತ ಹೇಳಿದ್ದಳು, ಹೇಳೋಕೆ ಬಂದೆ. ಅಜ್ಜಿ ಕುರ್ಚಿಯ ಪಕ್ಕದ ಕೋಲನ್ನು ತಡವಿ ಕೈಗೆ ತೆಗೆದುಕೊಂಡರಂತೆ. ಆಮೇಲೆ ಊಟ ಆಯಿತಾ ಎಂದು ಕೇಳಿದರಂತೆ. ಗೊತ್ತಿಲ್ಲ ಎಂದರು ಅಣ್ಣ. ಆ ಉತ್ತರಕ್ಕೆ ಅಜ್ಜಿ ಆಶ್ಚರ್ಯಪಡಲೂ ಇಲ್ಲ. ಒಂದು ಸ್ಟೂಲನ್ನು ಕೋಲಿನಿಂದ ಅವರ ಕಡೆ ತಳ್ಳಿದರು. ಅದು ಅತ್ತಿಗೆ ಕೂರುತ್ತಿದ್ದ ಸ್ಟೂಲು. ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತ ಅಲ್ಲಿ ಕೂತು ಬಸ್ಸಿನ ಕಥೆಯೆಲ್ಲ ಹೇಳುತ್ತಿದ್ದರಂತೆ. ಯಾರು ಹತ್ತಿದರು, ಯಾರು ಸೀಟಿಗೆ ಜಗಳವಾಡಿದರು, ಕಂಡಕ್ಟರ್ ಯಾರಿಗೆ ಬೈದರು, ಬೈದ ಮೇಲೆ ಹೇಗೆ ಕಿವಿ ಕೆರೆದುಕೊಂಡರು. ತಾವು ಬೈದ ಮೇಲೆ ಕಿವಿ ಕೆರೆದುಕೊಳ್ಳುತ್ತೇವೆಂದು ಅಣ್ಣನಿಗೆ ಅಂದೇ ತಿಳಿದದ್ದು.

ಏಳುವ ಮೊದಲು ಅವರು ಕೇಳಿದ್ದು ಒಂದೇ ಮಾತು. ಸ್ಟಾಪು ಬಾಗಿಲ ಮುಂದೇ ಇದೆಯಲ್ಲಮ್ಮ, ಅವಳು ಅಷ್ಟು ಕೆಳಗೆ ಯಾಕೆ ಇಳಿದು ಹತ್ತಿಕೊಂಡು ಬರ್ತಿದ್ದಳು?

"ನಾನೂ ಕೇಳಿದ್ದೆ. ಮೊದಲಿನ ಮನೆ ಟ್ಯಾಂಕಿನ ಹತ್ತಿರ ಇತ್ತಂತೆ. ಆ ಅಭ್ಯಾಸಕ್ಕೆ ಅವಳು ಬಾಯಿ ತೆಗೆಯೋ ಮುಂಚೆ ನೀವು ಟ್ಯಾಂಕಿನ ಟಿಕೆಟ್ಟು ಕೈಗಿಟ್ಟುಬಿಡ್ತಿದ್ರಂತೆ. ಹೇಳು ಮಾರಾಯ್ತಿ, ಬಾಯಿ ಸತ್ತಿದೆಯಾ ನಿನಗೆ ಅಂದೆ. ಅದಕ್ಕೆ ಅವಳು, ಬಸ್ಸಿನವರನ್ನೆಲ್ಲ ಎಲ್ಲಿಗೆ ಎಲ್ಲಿಗೆ ಅಂತ ಕೇಳ್ತಾರಜ್ಜಿ, ನನ್ನೊಬ್ಬಳನ್ನ ಕೇಳಲ್ಲ ಅಂದಳು."

ಅದನ್ನು ಬೇಜಾರಿನಿಂದ ಹೇಳಿದಳಾ, ಹೆಮ್ಮೆಯಿಂದ ಹೇಳಿದಳಾ ಎಂದು ಅಣ್ಣ ಕೇಳಿದರಂತೆ. ಅಜ್ಜಿ ಯೋಚಿಸಿದರು. ಜೀವಮಾನವೆಲ್ಲ ದನಿ ಕೇಳಿಯೇ ಅನ್ನ ತಿಂದವಳು ನಾನು, ಅದೊಂದು ಮಾತು ಮಾತ್ರ ಯಾವ ಕಡೆಯದು ಅಂತ ನನಗೆ ತಿಳೀಲಿಲ್ಲಪ್ಪ ಎಂದರು.

ಅಣ್ಣ ಆ ದಿನ ಎದುರಿಗಿದ್ದ ಸ್ಟಾಪಿನಲ್ಲಿ ಬಸ್ಸು ಹತ್ತಲಿಲ್ಲ. ಮೆಟ್ಟಿಲಿಳಿದು ಓಣಿ ದಾಟಿ ಟ್ಯಾಂಕಿನ ತನಕ ಬಂದರು. ತಿರುಗಿ ಮತ್ತೆ ಮೇಲಕ್ಕೆ ಹತ್ತಿದರು. ಮತ್ತೆ ಇಳಿದರು. ಯಾಕೆ ಹಾಗೆ ಮಾಡಿದಿರಿ ಎಂದು ನಾನು ಕೇಳಿದೆ. ಎಷ್ಟು ನೋಯತ್ತೆ ಅಂತ ನೋಡೋಣ ಅಂತ ಎಂದರು. ನೋಯಿತೇ ಎಂದೆ. ಗೊತ್ತಾಗಲಿಲ್ಲ ಎಂದರು. ಅಲ್ಲಿಂದ ಬಸ್ಸನ್ನೂ ಹಿಡಿಯದೆ ಮನೆಯವರೆಗೂ ನಡೆದೇ ಬಂದಿದ್ದರು. ಬೂಟು ಬಿಚ್ಚಿದಾಗ ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲ ಅಂಟಿಕೊಂಡಿತ್ತು. ಕಾಲು ಕುಂಬಳದ ಹಾಗೆ ಊದಿತ್ತು.

ಮೆಟ್ಟಿಲ ಮೇಲಿನಿಂದಲೇ ಮಗಳಿಗೆ ಫೋನ್ ಮಾಡಿದರು. ಸಿಕ್ಕಿತು, ಹೇಳಿದೆ ಎಂದರು. ಅಷ್ಟೇ ಹೇಳಿ ಇಟ್ಟರು. ಅವಳು ಅಂಗಡಿಯಿಂದ ನೇರ ಹೊರಟು ಬಂದಳು. ಅಷ್ಟರಲ್ಲಿ ನಾನು ಅವರನ್ನು ಒಳಗೆ ಕೂರಿಸಿ, ಅವರ ಒಲೆ ಕೆಟ್ಟಿದ್ದರಿಂದ ನಮ್ಮ ಮನೆಯಲ್ಲಿ ನೀರು ಕಾಯಿಸುತ್ತಿದ್ದೆ. ಎರಡೂ ಬಾಗಿಲು ತೆರೆದಿದ್ದರಿಂದ ಮಾತೆಲ್ಲ ಕೇಳಿಸುತ್ತಿತ್ತು. ಅಣ್ಣ ನನಗೆ ಹೇಳಿದ್ದನ್ನೆಲ್ಲ ಮಗಳಿಗೂ ಹೇಳಿದರು, ಟಿಕೆಟ್ಟಿನ ಮಾತನ್ನೂ ಬಿಡದೆ. ಡಿಪೋದಲ್ಲಿ ವರದಿ ಒಪ್ಪಿಸುವ ಹಾಗೆ, ಏರಿಳಿತವಿಲ್ಲದೆ.

"ಅಮ್ಮನಿಗೆ ಮೊಣಕಾಲು ನೋವಿತ್ತಪ್ಪ" ಎಂದಳು ಮಗಳು.

"ಹಾಸಿಗೆ ಹೊಲಿಯೋಳು ಹೇಳಿದಳು. ನನಗೆ ಗೊತ್ತಿರಲಿಲ್ಲ."

ಅವಳು ಹೆಗಲ ಚೀಲವನ್ನು ತೆಗೆದು ಕೆಳಗಿಟ್ಟಳು. ಭಾನುವಾರ ನನ್ನನ್ನು ಆ ಅಜ್ಜಿ ಹತ್ತಿರ ಕರೆದುಕೊಂಡು ಹೋಗಿ ಎಂದಳು. ಅಣ್ಣ ಹೂಂ ಎಂದರು. ನಾನು ಕುದಿಯುವ ನೀರು ತಂದು ಬಕೆಟ್ಟಿಗೆ ಸುರಿದು, ತಣ್ಣೀರು ತೆಗೆದುಕೊಂಡು ಬರುವಷ್ಟರಲ್ಲಿ ಅಣ್ಣ ಎರಡೂ ಕಾಲುಗಳನ್ನು ಅದರೊಳಗೆ ಇಳಿಬಿಟ್ಟಿದ್ದರು. ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಮಗಳು ಬಗ್ಗಿ ಬಕೆಟ್ಟಿಗೆ ಕೈ ಹಾಕಿದವಳು ಸರಕ್ಕನೆ ಎಳೆದುಕೊಂಡಳು. ಅಪ್ಪನ ಕಾಲುಗಳನ್ನು ಎರಡೂ ಕೈಯಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕೆಂಪಾಗಿದ್ದವು. ಅವಳ ಬಟ್ಟೆಯೆಲ್ಲ ಒದ್ದೆಯಾಯಿತು.

ಬಿಸಿ ಇತ್ತಾ ಎಂದು ಅಣ್ಣ ಕೇಳಿದರು.

ಅವಳು ಉತ್ತರ ಕೊಡದೆ ನನ್ನ ಕೈಯಿಂದ ತಣ್ಣೀರಿನ ಚೆಂಬು ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಬಕೆಟ್ಟಿಗೆ ಬೆರೆಸಿದಳು. ಪ್ರತಿ ಸಲವೂ ಕೈ ಅದ್ದಿ ನೋಡಿದಳು. ಸರಿಹೋಯಿತು ಅನ್ನಿಸಿದ ಮೇಲೆ, ಈಗ ಇಡಿ ಅಪ್ಪ ಎಂದು ಒಂದೊಂದೇ ಕಾಲನ್ನು ನೀರಿಗೆ ಇಳಿಸಿದಳು. ಅಣ್ಣ ಅವಳು ಇಟ್ಟ ಕಡೆ ಇಟ್ಟುಕೊಂಡು ಕೂತರು.